ಹಕಾರದ ಚರಿತ್ರೆ ಮತ್ತು ನಮ್ಮ ನಾಲಿಗೆ

ಹಲಸೂರಿಗೆ ಮೂರು ಹೆಸರಿವೆ. 2011ರಲ್ಲಿ ಶುರುವಾದ ಮೆಟ್ರೋ ನಿಲ್ದಾಣದ ಫಲಕದಲ್ಲಿ ಅದು ಹಲಸೂರು. ಇಂಗ್ಲಿಷ್ ದಾಖಲೆಗಳಲ್ಲಿ, ಹಳೆಯ ಅಂಗಡಿಗಳ ಬೋರ್ಡುಗಳಲ್ಲಿ, ಕೆರೆಯ ಸುತ್ತಲಿನ ತಮಿಳರ ಮಾತಿನಲ್ಲಿ ಅದು ಅಲ್ಸೂರ್. ಇನ್ನು ಹೊಸಕೋಟೆ, ಮಾಲೂರು ಕಡೆಯಿಂದ ಸೊಪ್ಪು ತರಕಾರಿ ತಂದು ಮಾರುವ ಹೆಣ್ಣುಮಕ್ಕಳ ಬಾಯಲ್ಲಿ ಅದು ಅಲಸೂರು. ಮೂರಕ್ಕೂ ನಡುವೆ ಇರುವ ಮುಖ್ಯ ವ್ಯತ್ಯಾಸ ಒಂದೇ ಒಂದು ಅಕ್ಷರ, ಹಕಾರ.

ಆದರೆ ಈ ಒಂದು ಅಕ್ಷರ ಬಿಟ್ಟದ್ದಕ್ಕೆ ಮೂವರಿಗೂ ಸಿಗುವ ಮರ್ಯಾದೆ ಬೇರೆ ಬೇರೆ. ಸಾಹೇಬ ಬಿಟ್ಟರೆ ಅದು ಸರ್ಕಾರಿ ಹೆಸರಾಯಿತು, ನಕ್ಷೆಗೆ ಹತ್ತಿತು. ತಮಿಳರು ಬಿಟ್ಟರೆ 'ಅವರ ಲಿಪಿಯಲ್ಲಿ ಹಕಾರ ಇಲ್ಲ' ಎಂದು ವಿದ್ವಾಂಸರು ಸಮಾಧಾನ ಹೇಳುತ್ತಾರೆ. ಸೊಪ್ಪು ಮಾರುವ ಹೆಂಗಸು ಬಿಟ್ಟರೆ ಮಾತ್ರ 'ಇವರಿಗೆ ಕನ್ನಡಾನೇ ಬರಲ್ಲ' ಎಂಬ ತೀರ್ಪು. ಅಕ್ಷರ ಒಂದೇ, ಬಿಟ್ಟ ರೀತಿಯೂ ಒಂದೇ. ತೀರ್ಪು ಮಾತ್ರ ಮೂರು. ಹಾಗಾದರೆ ತೀರ್ಪು ಕೊಡುತ್ತಿರುವುದು ವ್ಯಾಕರಣವೋ, ಜಾತಿಯೋ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಹಕಾರದ ಚರಿತ್ರೆಯನ್ನು ಅದು ಹುಟ್ಟಿದ ಕಡೆಯಿಂದಲೇ ನೋಡಬೇಕು.

1

ಕರ್ನಾಟಕದ ನೆಲದಲ್ಲಿ ಸಿಕ್ಕಿರುವ ಅತಿ ಹಳೆಯ ಹಕಾರಗಳು ಅಶೋಕನ ಶಾಸನಗಳಲ್ಲಿವೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲಿನ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಕ್ರಿಸ್ತಪೂರ್ವ 3ನೇ ಶತಮಾನದ್ದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅದರಲ್ಲಿ ಹಕಾರ ಕಾಣಿಸಿಕೊಳ್ಳುವ ಒಂದು ಮಾತು 'ಮಹಾಮಾತ', ಅಂದರೆ ಮಹಾಮಾತ್ರ, ಚಕ್ರವರ್ತಿಯ ದೊಡ್ಡ ಅಧಿಕಾರಿ. ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ನಮ್ಮ ನೆಲಕ್ಕೆ ಹಕಾರ ಬಂದದ್ದೇ ಅಧಿಕಾರಿಯ ಪದವಿಯ ಜೊತೆಗೆ ಎನ್ನುವುದನ್ನು ಗಮನಿಸಬೇಕು.

ಆ ಅಕ್ಷರದ ಆಕಾರ ಬಹಳ ಸರಳ. ನಿಂತ ಗೆರೆಯೊಂದು ಕೆಳಗೆ ಬಲಕ್ಕೆ ಬಾಗಿ ಮೇಲೆದ್ದಿದೆ, ಪಕ್ಕದಲ್ಲಿ ಸಣ್ಣ ಕಡ್ಡಿ. ಪಶ್ಚಿಮ ಏಷ್ಯಾದ ಸೆಮಿಟಿಕ್ ಲಿಪಿಗಳ 'ಹೇ' ಅಕ್ಷರವೇ ತಿರುಗಿ ಇದಾಯಿತು ಎಂದು ಜರ್ಮನ್ ವಿದ್ವಾಂಸ ಬ್ಯೂಲರ್ 19ನೇ ಶತಮಾನದ ಕೊನೆಯಲ್ಲಿ ವಾದಿಸಿದರು. ಇಲ್ಲ, ಬ್ರಾಹ್ಮಿ ಇಲ್ಲಿಯೇ ಹುಟ್ಟಿದ್ದು ಎನ್ನುವವರೂ ಇದ್ದಾರೆ. ಈ ಜಗಳ ಇನ್ನೂ ಮುಗಿದಿಲ್ಲ. ನನಗೆ ಮುಖ್ಯ ಅನ್ನಿಸುವುದು ಬೇರೆ. ಆ ಬಂಡೆಯನ್ನು ಕೆತ್ತಿಸಿದ ಲಿಪಿಕಾರನ ಹೆಸರು ಚಪಡ. ಅವನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, 'ಲಿಪಿಕಾರ' ಎಂಬ ತನ್ನ ಕಸುಬನ್ನು ದೂರದ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಕ್ಷರವೆನ್ನುವುದು ಯಾರೋ ದೇವರ ಬಾಯಿಂದ ಉದುರಿದ್ದಲ್ಲ. ಊರೂರು ತಿರುಗಿ, ಕೂಲಿಗೋ ಸಂಬಳಕ್ಕೋ ಕೆಲಸ ಮಾಡಿದ ಕೈಗಳಿಂದ ಬಂದದ್ದು. ಈ ಕೈಗಳ ಚರಿತ್ರೆಯನ್ನು ಬಿಟ್ಟು, ಪಾಣಿನಿಗೆ ಶಿವನ ಡಮರುಗದಿಂದ ಅಕ್ಷರ ಕೇಳಿಸಿತು ಎಂಬ ಕತೆಯನ್ನು ಮಾತ್ರ ನಮಗೆ ಹೇಳಿಕೊಡಲಾಯಿತು. ಆ ಹದಿನಾಲ್ಕು ಸೂತ್ರಗಳಲ್ಲಿ ಹಕಾರ ಎರಡು ಸಲ ಬರುತ್ತದೆ. ಸಂಸ್ಕೃತಕ್ಕೆ ಹಕಾರ ಅಷ್ಟು ಬೇಕಾದದ್ದು. ಅಕಾರದಿಂದ ಹಕಾರದವರೆಗಿನ ಎಲ್ಲ ಅಕ್ಷರ ಸೇರಿದರೆ 'ಅಹಂ' ಎಂದು ಶಾಸ್ತ್ರಿಗಳು ಅರ್ಥ ಹೇಳಿದರು.

ಕನ್ನಡದ ಕತೆ ಬೇರೆ. ದ್ರಾವಿಡ ಭಾಷೆಯಾದ ಹಳಗನ್ನಡದ ಸ್ವಂತ ಮಾತುಗಳಲ್ಲಿ ಹಕಾರ ಇರಲಿಲ್ಲ. ಸುಮಾರು ಕ್ರಿಸ್ತಶಕ 450ರದ್ದೆಂದು ಹೇಳುವ ಹಲ್ಮಿಡಿ ಶಾಸನವನ್ನೇ ನೋಡಿ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಈ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಪ್ರಕಟಪಡಿಸಿದರು. ಅದರಲ್ಲಿ ಹಕಾರ ಇದೆ. ಎಲ್ಲಿ? ದಾನವನ್ನು ಕೆಡಿಸಿದವನಿಗೆ 'ಮಹಾಪಾತಕ' ಎಂದು ಹೆದರಿಸುವ ಸಂಸ್ಕೃತದ ಮಾತಿನಲ್ಲಿ. ಆದರೆ ಇವತ್ತು ನಾವು ಹಲ್ಮಿಡಿ ಎನ್ನುವ ಊರು ಆ ಶಾಸನದಲ್ಲಿ ಹಕಾರದಿಂದ ಶುರುವಾಗುವುದೇ ಇಲ್ಲ. ಅಲ್ಲಿ ಪಕಾರ ಇದೆ: ಅದು 'ಪಲ್ಮಿಡಿ'ಯ ರೂಪ. ಅಂದರೆ ಕನ್ನಡದ ಮೊದಲ ಶಾಸನ ಎಂದು ನಾವು ಹೆಮ್ಮೆಪಡುವ ಕಲ್ಲಿನಲ್ಲಿ, ಶಾಪ ಹಾಕುವ ಮಾತಿಗೆ ಹಕಾರವಿದೆ, ಊರಿನ ಹೆಸರಿಗೆ ಇಲ್ಲ.

2

ಈ ಪಲ್ಮಿಡಿ ಹಲ್ಮಿಡಿಯಾದದ್ದು ಹೇಗೆ? ಸುಮಾರು 10ನೇ ಶತಮಾನದಿಂದ ಕನ್ನಡದ ಮಾತಿನ ಮೊದಲಿನ ಪಕಾರ ಹಕಾರವಾಗತೊಡಗಿತು. 14ನೇ ಶತಮಾನದ ಹೊತ್ತಿಗೆ ಈ ಬದಲಾವಣೆ ಹೆಚ್ಚುಕಡಿಮೆ ಪೂರ್ತಿಯಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪತ್ತು ಹತ್ತಾಯಿತು, ಪಳ್ಳಿ ಹಳ್ಳಿಯಾಯಿತು, ಪೆಸರ್ ಹೆಸರಾಯಿತು. ಪಲಸು ಹಲಸಾಯಿತು. ಹಲಸಿನ ತೋಪಿನಿಂದ ಹೆಸರು ಪಡೆಯಿತೆಂದು ಜನ ಹೇಳುವ ನಮ್ಮ ಹಲಸೂರು ಕೂಡ ಈ ಸಾಲಿಗೇ ಸೇರಿದ್ದು. ಪಕ್ಕದ ತಮಿಳು ಇವತ್ತಿಗೂ ಪಾಲ್, ಪುಲಿ, ಪೂ, ಪತ್ತು, ಪಲಾ ಎನ್ನುತ್ತದೆ. ತುಳುವಿನಲ್ಲಿ ಹುಲಿ 'ಪಿಲಿ'.

ಇಲ್ಲಿ ಕೇಳಬೇಕಾದ ಪ್ರಶ್ನೆ: ಇದನ್ನು ಬದಲಾಯಿಸಿದವರು ಯಾರು? ಆಸ್ಥಾನದ ಕವಿಗಳಂತೂ ಅಲ್ಲ. 941ರ ಪಂಪಭಾರತದಲ್ಲಿ ಪಕಾರವೇ ಇದೆ. ಬೀದಿಯ ಮಾತು ಹಕಾರಕ್ಕೆ ತಿರುಗಿ ಎಷ್ಟೋ ಕಾಲವಾದ ಮೇಲೂ ಚಂಪೂ ಬರೆಯುವವರು ಪಕಾರವನ್ನು ಬಿಡಲಿಲ್ಲ. ಪಕಾರ ಅವರಿಗೆ ಗೌರವ, ಹಕಾರ ಗ್ರಾಮ್ಯ. ಬದಲಾಯಿಸಿದವರು ಹಾಲು ಕರೆಯುವವರು, ಹೊಲ ಉಳುವವರು, ಹೂವು ಕಟ್ಟುವವರು. ದಿನಕ್ಕೆ ನೂರು ಸಲ ಆ ಮಾತುಗಳನ್ನು ಬಳಸಿದವರು. 13ನೇ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆದ ಕೇಶಿರಾಜ ಹಳೆಯ ಕಾವ್ಯಭಾಷೆಯನ್ನು ಕಾಪಾಡಬೇಕೆಂದು ಹೊರಟವನು. ಅಂಥವನು ಕೂಡ ಪಕಾರಕ್ಕೆ ಹಕಾರ ಬರುವುದನ್ನು ಒಪ್ಪಿಕೊಳ್ಳಬೇಕಾಯಿತು. ಳಕಾರದ ಜೊತೆ ಬೆರೆತುಹೋಗಿದ್ದ 'ೞ' ಅಕ್ಷರದ ಮಾತುಗಳನ್ನು ಅವನು ಪಟ್ಟಿ ಮಾಡಿಟ್ಟ. ಜನ ಸರಿಯಾಗಿ ಹೇಳುತ್ತಿದ್ದರೆ ಪಟ್ಟಿಯ ಅಗತ್ಯವೇ ಇರುತ್ತಿರಲಿಲ್ಲ. ಪಟ್ಟಿ ಅಲ್ಲೇ ಉಳಿಯಿತು, ೞಕಾರ ಹೋಯಿತು. ಅದರ ಹಿಂದೆ 'ಱ' ಕೂಡ ಹೋಯಿತು. ಇವತ್ತು ಯಾವ ಮೇಷ್ಟ್ರೂ ಮಗುವಿಗೆ ಈ ಎರಡು ಅಕ್ಷರ ಬರಲಿಲ್ಲ ಎಂದು ಬೆತ್ತ ತೆಗೆಯುವುದಿಲ್ಲ.

ವಚನಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ನಮಗೆ ಸಿಕ್ಕಿರುವ ಪಾಠಗಳಲ್ಲಿ ಹಕಾರವೇ ತುಂಬಿದೆ. ಆದರೆ ಆ ಓಲೆಗಳನ್ನು ಬರೆದಿಟ್ಟವರು ನಂತರದ ಶತಮಾನಗಳವರು. ಹಾಗಾಗಿ 12ನೇ ಶತಮಾನದ ಕಲ್ಯಾಣದ ಬೀದಿಯಲ್ಲಿ ಯಾರ ಬಾಯಲ್ಲಿ ಯಾವ ಅಕ್ಷರ ಇತ್ತು ಎಂದು ಓಲೆ ನೋಡಿ ಹೇಳುವಂತಿಲ್ಲ. ಕವಿಗಳು ಪಕಾರ ಹಿಡಿದುಕೊಂಡಿದ್ದ ಕಾಲದಲ್ಲಿ ಆಡುಮಾತನ್ನೇ ನೆಚ್ಚಿ ಮಾತಾಡಿದವರು ಶರಣರು ಎನ್ನುವುದಷ್ಟೆ ಖಚಿತ.

ಇಷ್ಟರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇವತ್ತು 'ಶುದ್ಧ ಕನ್ನಡ'ದ ಗುರುತಾಗಿರುವ ಹಕಾರವೇ ಒಂದು ಕಾಲದ 'ಅಶುದ್ಧ' ಉಚ್ಚಾರ. ಕೆಳಗಿನ ಜನ ನುಡಿದು ನುಡಿದು ಸವೆಸಿದ ಪಕಾರದ ಶೇಷ ಅದು. ಸಾವಿರ ವರ್ಷ ಹಿಂದಿನ ತಪ್ಪನ್ನು ನಾವು ಭಾಷಾಚರಿತ್ರೆ ಎನ್ನುತ್ತೇವೆ. ಇವತ್ತಿನದನ್ನು ಸಂಸ್ಕಾರವಿಲ್ಲದ್ದು ಎನ್ನುತ್ತೇವೆ.

3

ಹೀಗೆ ಪಕಾರದಿಂದ ಹಕಾರಕ್ಕೆ ಬಂದ ಮಾತುಗಳ ಸಾಲಿನಲ್ಲಿ ಇನ್ನೊಂದು ಇದೆ. ಪಠ್ಯಪುಸ್ತಕಗಳು ಹಾಲು, ಹುಲಿ, ಹೂವುಗಳ ಉದಾಹರಣೆ ಕೊಟ್ಟು ಇದನ್ನು ಬಿಟ್ಟುಬಿಡುತ್ತವೆ. ಪೊಲೆಯ ಹೊಲೆಯನಾದ.

ಈ ಹೆಸರಿನ ಮೂಲದ ಬಗ್ಗೆ ಎರಡು ವಾದಗಳಿವೆ. ಒಂದು, 'ಹೊಲ'ದಿಂದ ಬಂತು, ಹೊಲದವನು ಹೊಲೆಯ ಎನ್ನುವುದು. ಬ್ರಿಟಿಷರ ಕಾಲದ ಜನಾಂಗ ವಿವರಣೆಗಳಲ್ಲೂ ಈ ಅರ್ಥ ಇದೆ. ನಮ್ಮ ಹಲವು ಚಳವಳಿಗಾರರಿಗೂ ಇದು ಪ್ರಿಯ. ಇದಕ್ಕೆ ಬೆಂಬಲವಾಗಿ ಕುಳವಾಡಿಯನ್ನು ನೆನೆಯುತ್ತಾರೆ. 1873ರಲ್ಲಿ ಮೆಕೆಂಜಿ ಎಂಬ ಅಧಿಕಾರಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಬರೆದ ಟಿಪ್ಪಣಿ ಪ್ರಸಿದ್ಧ: ಊರಿನ ಗಡಿ ಜಗಳ ಬಂದಾಗ ತೀರ್ಮಾನ ಹೇಳಬೇಕಾದವನು ಹೊಲೆಯನಾದ ಕುಳವಾಡಿ. ಗಡಿ ಎಲ್ಲಿದೆಯೆಂಬ ನೆನಪು ಅವನದು. ಊರೊಳಗೆ ಕಾಲಿಡಬಾರದವನ ಮಾತಿನ ಮೇಲೆ ಊರಿನ ಎಲ್ಲೆ ನಿಂತಿತ್ತು.

ಎರಡನೆಯ ವಾದ, 'ಪೊಲೆ'ಯಿಂದ ಬಂತು ಎನ್ನುವುದು. ಪೊಲೆ ಅಂದರೆ ಸೂತಕ, ಮುಟ್ಟು, ಹೆರಿಗೆಯ ಮೈಲಿಗೆ. 1894ರ ಕಿಟೆಲ್ ನಿಘಂಟು ಈ ಅರ್ಥಗಳನ್ನು ಕೊಡುತ್ತದೆ. ತಮಿಳಿನ 'ಪುಲೈ', ಮಲಯಾಳದ 'ಪುಲ' ಇದರ ಒಡಹುಟ್ಟುಗಳು. ಪುಲೈಯನ್, ಪುಲಯ, ಹೊಲೆಯ ಮೂರೂ ಒಂದೇ ಹೆಸರಿನ ಮೂರು ರೂಪ. ಭಾಷಾಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಈ ಎರಡನೆಯ ವಾದವೇ ಗಟ್ಟಿ. ಪೊಲೆಗೆ 'ಅ' ಸೇರಿ ಪೊಲೆಯ ಆಗುವುದು ನೇರ. ಹೊಲದಿಂದ ಹೊಲೆಯ ಆಗಬೇಕಾದರೆ ನಡುವಿನ ಎಕಾರ ಎಲ್ಲಿಂದ ಬಂತು ಎಂದು ವಿವರಿಸಬೇಕಾಗುತ್ತದೆ. ಹೊಲಕ್ಕೆ ಸಮನಾದ ತಮಿಳಿನ ಮಾತು 'ಪುಲಂ'. ಅಲ್ಲಿಂದ ಪುಲೈಯನ್ ಬರುವುದಿಲ್ಲ.

ನಮ್ಮವರಲ್ಲಿ ಕೆಲವರಿಗೆ ಇದು ಕಹಿ ಎನ್ನುವುದು ನನಗೆ ಗೊತ್ತು. ಹೊಲದಿಂದ ಬಂದ ಹೆಸರು ಎಂದರೆ ಭೂಮಿಯ ಮೂಲ ಒಡೆತನ ನಮ್ಮದೆಂದು ಹೇಳಬಹುದು. ಆದರೆ ಭೂಮಿಯ ಹಕ್ಕನ್ನು ಕೇಳಲು ನಮಗೆ ಶಬ್ದದ ವ್ಯುತ್ಪತ್ತಿ ಬೇಕೇ? ಉತ್ತವರು ನಾವು, ಬಿತ್ತವರು ನಾವು ಎನ್ನುವುದು ಸಾಲದೆ? ಮತ್ತೆ, ಪೊಲೆಯ ಅರ್ಥಕ್ಕೆ ಹೆದರಿ ಓಡುವುದರಿಂದ ಅದರೊಳಗಿನ ಚರಿತ್ರೆಯನ್ನು ನಾವೇ ಮುಚ್ಚಿದಂತಾಗುತ್ತದೆ. ಪೊಲೆ ಯಾರದು? ಮೈಲಿಗೆ ಯಾರ ಮನೆಯದು? ಪ್ರಾಚೀನ ಸಂಗಂ ಪದ್ಯಗಳಲ್ಲಿ ಬರುವ 'ಪುಲೈತ್ತಿ' ಊರವರ ಬಟ್ಟೆ ಒಗೆಯುವವಳು. ಪುಲೈಯನ್ ಸಾವಿನಲ್ಲಿ ಪಱೆ ಬಾರಿಸುವವನು. ಹೆರಿಗೆಯ ರಕ್ತ, ಮುಟ್ಟಿನ ಬಟ್ಟೆ, ಸತ್ತ ದನ, ಹೆಣದ ಮುಂದಿನ ವಾದ್ಯ, ಇವೆಲ್ಲ ಊರಿನ ಮನೆಗಳಿಂದ ಹುಟ್ಟಿದ ಮೈಲಿಗೆ. ಅದನ್ನು ತೊಳೆದವರಿಗೆ, ಹೊತ್ತವರಿಗೆ ಆ ಮೈಲಿಗೆಯ ಹೆಸರನ್ನೇ ಇಟ್ಟರು. ಹೊತ್ತಿಸಿದವನು ಶುದ್ಧ, ಹೊತ್ತವನು ಹೊಲೆಯ. ಇನ್ನೊಂದು ಮಾತನ್ನೂ ಮರೆಯಬಾರದು: ಹೆಣ್ಣಿನ ಮೈಯ ಸಹಜ ರಕ್ತಕ್ಕೆ ಇಟ್ಟ ಹೆಸರನ್ನೇ ಒಂದು ಇಡೀ ಜನಕ್ಕೆ ಇಟ್ಟಿದ್ದಾರೆ. ಜಾತಿಯ ಚರಿತ್ರೆಯೂ ಹೆಣ್ಣಿನ ಚರಿತ್ರೆಯೂ ಈ ಒಂದು ಪದದಲ್ಲಿ ಕೂಡಿಕೊಂಡಿವೆ.

ಹುಟ್ಟಿನಿಂದ ಯಾರೂ ಹೊಲೆಯರಲ್ಲ, ಕೆಟ್ಟ ನಡತೆಯಿಂದ ಹೊಲೆಯರಾಗುತ್ತಾರೆ ಎಂಬ ಧಾಟಿಯ ವಚನಗಳಿವೆ. ಆ ಕಾಲಕ್ಕೆ ಅದು ದೊಡ್ಡ ದಂಗೆಯೇ, ಸಂಶಯವಿಲ್ಲ. ಆದರೆ ಇವತ್ತು ಅದನ್ನು ಓದುವ ಹೊಲೆಯರ ಹುಡುಗನಿಗೆ ಏನು ಅನ್ನಿಸುತ್ತದೆ? ಹೆಸರು ಬೈಗುಳವಾಗಿಯೇ ಉಳಿಯಿತು, ಬೈಸಿಕೊಳ್ಳುವವನು ಮಾತ್ರ ಬದಲಾದ. ಹುಟ್ಟಿನ ಮೇಲಿದ್ದ ಹೊರೆಯನ್ನು ತೆಗೆದ ಶರಣರು ಶಬ್ದದ ಮೇಲಿನ ಹೊರೆಯನ್ನು ತೆಗೆಯಲಿಲ್ಲ. ಆ ಕೆಲಸಕ್ಕೆ 1975ರವರೆಗೆ ಕಾಯಬೇಕಾಯಿತು. ಸಿದ್ಧಲಿಂಗಯ್ಯನವರು ತಮ್ಮ ಮೊದಲ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಎಂದು ಹೆಸರಿಟ್ಟಾಗ ಆ ಶಬ್ದ ಮೊದಲ ಸಲ ಪುಸ್ತಕದ ಮುಖಪುಟದ ಮೇಲೆ ಬೈಗುಳವಲ್ಲದೆ ನಿಂತಿತು.

4

ಹಲಸೂರಿಗೆ ಮತ್ತೆ ಬರೋಣ. 1809ರ ಹೊತ್ತಿಗೆ ಬ್ರಿಟಿಷರ ದಂಡು ಇಲ್ಲಿ ನೆಲೆಯೂರಿತು. ದಂಡಿನ ಹಿಂದೆಯೇ ತಮಿಳು ಸೀಮೆಯ ದಲಿತರು ಬಂದರು. ಬಟ್ಲರುಗಳಾಗಿ, ಕುದುರೆ ನೋಡಿಕೊಳ್ಳುವವರಾಗಿ, ಆಯಾಗಳಾಗಿ, ಕೂಲಿಗಳಾಗಿ, ಮದ್ರಾಸ್ ಸ್ಯಾಪರ್ಸ್ ಪಡೆಯ ಸಿಪಾಯಿಗಳಾಗಿ. 1881ರಿಂದ 1947ರ ಜುಲೈವರೆಗೆ ದಂಡು ಪ್ರದೇಶ ಮೈಸೂರು ಮಹಾರಾಜರ ಆಡಳಿತಕ್ಕೆ ಸೇರಿರಲಿಲ್ಲ. ಒಂದೇ ಊರಿನ ಎರಡು ಹೋಳುಗಳಲ್ಲಿ ಎರಡು ಸರ್ಕಾರ. ಆ ಕಡೆಯ ದಲಿತನಿಗೆ ಆದಿ ಕರ್ನಾಟಕ ಎಂದೂ, ಈ ಕಡೆಯವನಿಗೆ ಆದಿ ದ್ರಾವಿಡ ಎಂದೂ ಇಪ್ಪತ್ತನೇ ಶತಮಾನದಲ್ಲಿ ಹೆಸರು ಬಿತ್ತು. ಇಬ್ಬರೂ ಬೇರೆ ಎಂದೇ ನಾವು ತಿಳಿದುಕೊಂಡೆವು.

ಪಕಾರ ಹಕಾರದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ತಮಿಳಿನ 'ಪಱೆ' ಅಂದರೆ ಚರ್ಮವಾದ್ಯ. ಪಱೆಯರ್ ಎಂಬ ಹೆಸರನ್ನು ಅದರಿಂದಲೇ ವಿವರಿಸುವುದು ರೂಢಿ. ಹಳಗನ್ನಡದಲ್ಲೂ ಅದು 'ಪಱೆ'ಯೇ. ಪಕಾರ ಹಕಾರವಾಗಿ, ಱಕಾರ ರಕಾರವಾಗಿ ಅದು ನಮ್ಮ 'ಹರೆ'ಯಾಯಿತು. ಹಬ್ಬದಲ್ಲಿ, ಹೆಣದ ಮುಂದೆ ಬಡಿಯುವ ಹರೆ. ಹಲಸೂರಿನ ಓಣಿಯಲ್ಲಿ ತಮಿಳರು ಹೊಡೆಯುವ ಪಱೆ, ಕೋಲಾರ ಸೀಮೆಯಿಂದ ಬಂದವರು ಹೊಡೆಯುವ ಹರೆ, ಎರಡೂ ಒಂದೇ ಶಬ್ದ, ಒಂದೇ ತೊಗಲು. ಒಂದು ಅಕ್ಷರ ಬದಲಾದದ್ದಕ್ಕೆ ನಾವು ಒಬ್ಬರಿಗೊಬ್ಬರು ಪರಕೀಯರಾದೆವು. 1991ರಲ್ಲಿ ಹಲಸೂರು ಕೆರೆಯ ಹತ್ತಿರ ನಿಲ್ಲಿಸಿದ ತಿರುವಳ್ಳುವರ್ ಪ್ರತಿಮೆ ಹದಿನೆಂಟು ವರ್ಷ ಮುಸುಕು ಹಾಕಿಕೊಂಡೇ ಇತ್ತು. 2009ರ ಆಗಸ್ಟ್‌ನಲ್ಲಿ ಮುಸುಕು ತೆಗೆಯಲಾಯಿತು. ಆ ಹದಿನೆಂಟು ವರ್ಷ ಅದನ್ನು ಕನ್ನಡ ತಮಿಳಿನ ಜಗಳವಾಗಿಯೇ ನೋಡಿದೆವು. ಜನಪದ ಕತೆಗಳು ವಳ್ಳುವರನ್ನು ಪಱೆಯ ತಾಯಿಯ ಮಗ ಎನ್ನುತ್ತವೆ ಎಂಬುದನ್ನು ಎಷ್ಟು ಜನ ನೆನೆದರು?

ಇಲ್ಲಿ ಅಯೋತ್ತಿದಾಸ ಪಂಡಿತರನ್ನು ನೆನೆಯಲೇಬೇಕು. 1898ರಲ್ಲಿ ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದವರು, 1907ರಿಂದ ಪತ್ರಿಕೆ ನಡೆಸಿದವರು. ಅವರ ಸಂಘದ ಶಾಖೆಗಳು ಕೋಲಾರದ ಚಿನ್ನದ ಗಣಿಯಲ್ಲೂ ಬೆಂಗಳೂರಿನಲ್ಲೂ ಇದ್ದವು. ಬಟ್ಲರ್ ಆಗಿದ್ದ ತಮ್ಮ ತಾತ ಕಂದಪ್ಪನವರೇ ತಿರುಕ್ಕುರಳಿನ ಓಲೆಯನ್ನು ಎಲ್ಲಿಸ್ ಎಂಬ ಇಂಗ್ಲಿಷ್ ಅಧಿಕಾರಿಗೆ ಮುಟ್ಟಿಸಿದ್ದು ಎಂದು ಅವರು ಬರೆದಿದ್ದಾರೆ. ತಮ್ಮ ಜನರಿಗೆ ಇಟ್ಟ ಹೆಸರುಗಳನ್ನು ಒಂದೊಂದಾಗಿ ಬಿಡಿಸಿ, ಅವುಗಳ ಹಿಂದೆ ಬೌದ್ಧರನ್ನು ಕೀಳುಮಾಡಿದ ಚರಿತ್ರೆ ಇದೆ ಎಂದು ವಾದಿಸಿದರು. ಅವರ ಎಲ್ಲ ವ್ಯುತ್ಪತ್ತಿಗಳನ್ನೂ ಭಾಷಾಶಾಸ್ತ್ರ ಒಪ್ಪುವುದಿಲ್ಲ. ಆದರೆ ಅಕ್ಷರವನ್ನೂ ಶಬ್ದವನ್ನೂ ನಮ್ಮ ಕಡೆಯಿಂದ ಪ್ರಶ್ನಿಸಬಹುದು ಎಂಬ ಧೈರ್ಯವನ್ನು ಕೊಟ್ಟವರು ಅವರು. ಕನ್ನಡ ದಲಿತ ವಿಮರ್ಶೆ ಅವರನ್ನು ಸಾಕಷ್ಟು ಓದಿಕೊಂಡಿಲ್ಲ.

5

ಪಕಾರ ಹಕಾರವಾಗಿ ನಿಲ್ಲಲಿಲ್ಲ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹಕಾರವೂ ಸವೆಯಿತು. ಹಾಲು ಆಲು, ಹೂವು ಊವು, ಹಳ್ಳಿ ಅಳ್ಳಿ, ಹೋಗು ಓಗು, ಹೆಸರು ಎಸ್ರು. ಇದು ಕೆಡುವುದಲ್ಲ, ಶುರುವಾದ ಬದಲಾವಣೆ ಮುಂದುವರಿದದ್ದು. ತುಟಿ ಮುಚ್ಚಿ ಹೇಳುವ ಪಕಾರ ಉಸಿರಾಯಿತು, ಉಸಿರೂ ಕೊನೆಗೆ ಹೋಯಿತು.

ಜಗತ್ತಿನಲ್ಲಿ ಇದು ನಮಗೆ ಮಾತ್ರ ಆದದ್ದಲ್ಲ. ಲ್ಯಾಟಿನ್ ಭಾಷೆಯ 'ಫರೀನಾ' (ಹಿಟ್ಟು) ಸ್ಪೇನಿನಲ್ಲಿ ಫಕಾರ ಕಳೆದುಕೊಂಡು 'ಹರೀನಾ' ಆಯಿತು. ಆಮೇಲೆ ಹಕಾರವೂ ಹೋಗಿ ಈಗ ಬರೆಯುವುದು ಹಕಾರ, ಹೇಳುವುದು 'ಅರೀನಾ'. ಅಲ್ಲಿನ ದೊರೆಯೂ ಹಾಗೆಯೇ ಹೇಳುತ್ತಾನೆ. ತಮಾಷೆ ಎಂದರೆ, ದಕ್ಷಿಣದ ಆಂಡಲೂಸಿಯಾದ ಕೆಲವು ಹಳ್ಳಿಗಾಡಿನ ಜನ ಈಗಲೂ ಆ ಹಕಾರವನ್ನು ಉಸಿರಿನಿಂದ ಹೇಳುತ್ತಾರೆ, ಅದಕ್ಕೆ ಅವರನ್ನು ಗಮಾರರೆನ್ನುತ್ತಾರೆ! ಇಂಗ್ಲೆಂಡಿನಲ್ಲಿ ಲಂಡನ್ನಿನ ಕೂಲಿಕಾರರು ಹಕಾರ ಬಿಟ್ಟರೆ ನಗುತ್ತಾರೆ. ಆ ನಗುವಿನ ಮೇಲೆಯೇ ಬರ್ನಾರ್ಡ್ ಷಾ 'ಪಿಗ್ಮೇಲಿಯನ್' ನಾಟಕ ಬರೆದ. ಅಂದರೆ ಒಂದು ದೇಶದಲ್ಲಿ ಹಕಾರ ಹೇಳಿದವನು ಒರಟ, ಇನ್ನೊಂದು ದೇಶದಲ್ಲಿ ಬಿಟ್ಟವನು ಒರಟ. ಹಕಾರದಲ್ಲಿ ಸಂಸ್ಕಾರವೂ ಇಲ್ಲ, ಒರಟುತನವೂ ಇಲ್ಲ. ಬಡವನ ಬಾಯಲ್ಲಿ ಯಾವುದಿದೆಯೋ ಅದು ಒರಟು.

ಅಮೆರಿಕದ ಭಾಷಾಶಾಸ್ತ್ರಜ್ಞ ವಿಲಿಯಂ ಬ್ರೈಟ್ 1960ರಲ್ಲಿ ಕನ್ನಡದ ಜಾತಿ ಉಪಭಾಷೆಗಳ ಬಗ್ಗೆ ಬರೆದ ಲೇಖನ ಇಲ್ಲಿ ಉಪಯುಕ್ತ. ಬ್ರಾಹ್ಮಣರ ಕನ್ನಡದಲ್ಲಿ ಹಕಾರ ಉಳಿದಿದೆ, ಬ್ರಾಹ್ಮಣೇತರರಲ್ಲಿ ಬಿದ್ದಿದೆ ಎಂದು ಅವರು ಗುರುತಿಸಿದರು. ಓದುಬರಹ, ಸಂಸ್ಕೃತ, ಇಂಗ್ಲಿಷ್ ಸಂಪರ್ಕ ಇದ್ದವರು ತಮ್ಮ ಧ್ವನಿಗಳನ್ನು ಎಚ್ಚರದಿಂದ ಕಾಪಾಡಿಕೊಂಡರು, ಅದಿಲ್ಲದವರ ಮಾತು ಸಹಜವಾಗಿ ಬದಲಾಯಿತು ಎಂಬುದು ಅವರ ವಿವರಣೆಯ ಸಾರ. ಹಕಾರ ಉಳಿದದ್ದು ನಾಲಿಗೆಯ ಗುಣದಿಂದಲ್ಲ, ಕೈಯಲ್ಲಿ ಪುಸ್ತಕ ಇದ್ದದ್ದರಿಂದ. ಆದರೆ ಬ್ರೈಟ್ ಅವರ ಬ್ರಾಹ್ಮಣೇತರ ಎಂದರೆ ಒಕ್ಕಲಿಗ. ಎರಡು ಉಪಭಾಷೆಗಳ ಆ ಹೋಲಿಕೆಯಲ್ಲಿ ಕೇರಿಯ ಮಾತು ಸೇರಿರಲಿಲ್ಲ.

ಇದರಿಂದ ಇನ್ನೊಂದು ಸತ್ಯವೂ ಹೊರಬೀಳುತ್ತದೆ. ಹಕಾರ ಬಿಡುವುದು ದಲಿತರ ಸ್ವತ್ತಲ್ಲ. ಊರಿನ ಗೌಡನೂ 'ಓಗು' ಅಂತಾನೆ, ಕೇರಿಯವನೂ 'ಓಗು' ಅಂತಾನೆ. ಆದರೆ ಗೌಡನ ಮಗ 'ಓಗು' ಅಂದರೆ ಅದು ಮಣ್ಣಿನ ಸೊಗಡು, ಸಿನಿಮಾದಲ್ಲಿ ಚಪ್ಪಾಳೆ. ಕೇರಿಯ ಹುಡುಗ ಅಂದರೆ ಅದು ಮೀಸಲಾತಿಯಲ್ಲಿ ಬಂದವನ ಕನ್ನಡ. ನಾನು ಪಾಠ ಮಾಡುವ ತರಗತಿಗಳಲ್ಲಿ ಹಾಜರಿ ಕೂಗುವಾಗ ಕೆಲವು ಹುಡುಗರು ಕೈ ಎತ್ತುತ್ತಾರೆ, ಬಾಯಿ ಬಿಡುವುದಿಲ್ಲ. ಕೆಲವರು ಭಯದಿಂದ ಇಲ್ಲದ ಕಡೆಗೂ ಹಕಾರ ಸೇರಿಸುತ್ತಾರೆ, ಆಕಾಶ ಹಾಕಾಶವಾಗುತ್ತದೆ. ಪಕ್ಕದವರು ನಗುತ್ತಾರೆ. ಈ ಹೆಚ್ಚುವರಿ ಹಕಾರವನ್ನು ನಾವು ಅಜ್ಞಾನ ಎಂದು ತಿಳಿಯುತ್ತೇವೆ. ಅದು ಅಜ್ಞಾನವಲ್ಲ, ಅವಮಾನದ ಅಂಜಿಕೆ. ಬೈಬಲ್ಲಿನ ನ್ಯಾಯಸ್ಥಾಪಕರು ಪುಸ್ತಕದಲ್ಲಿ ಒಂದು ಕತೆಯಿದೆ. ಯೊರ್ದನ್ ಹೊಳೆಯ ಹಾಯ್ಗಡದಲ್ಲಿ ಒಂದು ಶಬ್ದವನ್ನು ಷಕಾರದಿಂದ ಹೇಳಲಾಗದೆ ಸಕಾರದಿಂದ ಹೇಳಿದವರನ್ನು ಹಿಡಿದು ಕೊಂದರು, ಸತ್ತವರು 42,000 ಎನ್ನುತ್ತದೆ ಪುಸ್ತಕ. ನಮ್ಮಲ್ಲಿ ಕೊಲ್ಲುವುದಿಲ್ಲ. ಸಂದರ್ಶನದಲ್ಲಿ ಅಂಕ ಕಡಿಮೆ ಕೊಡುತ್ತಾರೆ.

6

ಹಾಗಾದರೆ ದಲಿತ ಬರಹ ಹಕಾರವನ್ನು ಏನು ಮಾಡಬೇಕು?

1973ರ ನವೆಂಬರ್‌ನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ರಾಜ್ಯವೇ ಹೊತ್ತಿ ಉರಿಯಿತು. ಮಂತ್ರಿ ಪದವಿ ಹೋಯಿತು. ಅದೇ ವರ್ಷ ದೇವನೂರ ಮಹಾದೇವರ ಮೊದಲ ಕಥಾಸಂಕಲನ ಬಂತು. ಅದರ ಹೆಸರು 'ದ್ಯಾವನೂರು'. ದೇವನೂರು ಅಲ್ಲ, ದ್ಯಾವನೂರು. ಬೂಸಾ ಗಲಾಟೆಗೆ ನಿಜವಾದ ಉತ್ತರ ಆ ಶೀರ್ಷಿಕೆಯಲ್ಲೇ ಇತ್ತು ಎಂದು ನನಗೆ ಅನ್ನಿಸುತ್ತದೆ. ಊರವರು ಹೇಗೆ ಕರೆಯುತ್ತಾರೋ ಹಾಗೆಯೇ ಅಚ್ಚಾಯಿತು. ಮುಂದೆ 1984ರ 'ಕುಸುಮಬಾಲೆ'ಯಲ್ಲಿ ಆಡುವ ಪಾತ್ರ ಮಾತ್ರವಲ್ಲ, ಕತೆ ಹೇಳುವ ದನಿಯೂ ನಂಜನಗೂಡು ಸೀಮೆಯದೇ. ಇದು ಸಣ್ಣ ಸಂಗತಿಯಲ್ಲ. ಅಲ್ಲಿಯವರೆಗೆ ಬಹುಪಾಲು ಕನ್ನಡ ಕಾದಂಬರಿಗಳಲ್ಲಿ ಆಳುಮಗ 'ಓಯ್ತೀನಿ' ಅನ್ನುತ್ತಿದ್ದ, ಅವನ ಬಗ್ಗೆ ಬರೆಯುವ ಲೇಖಕ 'ಹೋಗುತ್ತಾನೆ' ಎನ್ನುತ್ತಿದ್ದ. ಒಂದೇ ಪುಟದಲ್ಲಿ ಊರು ಮತ್ತು ಕೇರಿ. ಉದ್ಧರಣ ಚಿಹ್ನೆಯೇ ಬೇಲಿ. ಆ ಬೇಲಿಯನ್ನು ಕಿತ್ತದ್ದು ಕುಸುಮಬಾಲೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂದಾಗಲೂ 'ಅರ್ಥವಾಗುವುದಿಲ್ಲ' ಎಂಬ ದೂರು ನಿಲ್ಲಲಿಲ್ಲ. ಪಂಪನೂ ಅರ್ಥವಾಗುವುದಿಲ್ಲ. ಅವನಿಗೆ ಟೀಕೆ ಬರೆದು ಪಾಠ ಹೇಳುತ್ತೇವೆ.

ಹಾಗೆಂದು ಎಲ್ಲರೂ ಹಕಾರ ಬಿಟ್ಟೇ ಬರೆಯಬೇಕು ಎಂದು ನಾನು ಹೇಳುವುದಿಲ್ಲ. ಅಕ್ಷರ ನಮಗೆ ಸುಮ್ಮನೆ ಸಿಕ್ಕದ್ದಲ್ಲ. ಬಾಂಬೆಯ ಶಾಲೆಯಲ್ಲಿ ಅಂಬೇಡ್ಕರರಿಗೆ ಸಂಸ್ಕೃತ ಕಲಿಯಲು ಬಿಡದೆ ಪರ್ಷಿಯನ್ ಕೊಟ್ಟರು. ಕೈಯಿಂದ ಕಿತ್ತುಕೊಂಡ ಅಕ್ಷರವನ್ನು ನಾವಾಗಿಯೇ ಬೇಡ ಎನ್ನುವುದು ಜಾಣತನವಲ್ಲ. ಹಕಾರ ನಮಗೆ ಬೇಕು, ಅರ್ಜಿ ಬರೆಯಲು ಬೇಕು, ಹಕ್ಕು ಕೇಳಲು ಬೇಕು. 'ಹಕ್ಕು' ಎಂಬ ಅರಬ್ಬಿ ಮೂಲದ ಮಾತಿನ ಮೊದಲಲ್ಲೂ ಅದೇ ಇದೆ. ಬೇಡವಾದದ್ದು ಹಕಾರದ ನ್ಯಾಯಾಧೀಶಗಿರಿ.

ಈ ಮಾತು ಇವತ್ತಿಗೆ ಯಾಕೆ ಎಂದು ಕೇಳಬಹುದು. 2025ರ ಮೇ 5ರಂದು ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ ಒಳಮೀಸಲಾತಿಗಾಗಿ ಪರಿಶಿಷ್ಟ ಜಾತಿಗಳ ಸಮೀಕ್ಷೆ ಶುರುಮಾಡಿತು. ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂದು ಬರೆಸಿಕೊಂಡವರು ಮೂಲ ಜಾತಿಯ ಹೆಸರು ಹೇಳಬೇಕಾಯಿತು. ಬೆಂಗಳೂರಿನಂಥ ಊರಿನಲ್ಲಿ, ಬಾಡಿಗೆ ಮನೆಯ ಬಾಗಿಲಲ್ಲಿ, ಮಾಲೀಕ ಮೆಟ್ಟಿಲ ಮೇಲೆ ನಿಂತಿರುವಾಗ 'ನಾವು ಹೊಲೆಯರು' ಎಂದು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟ ಎನ್ನುವುದು ಹೇಳಿದವರಿಗೇ ಗೊತ್ತು. 1989ರ ಕಾಯ್ದೆಯ ಪ್ರಕಾರ ಬೇರೆಯವರು ಜಾತಿ ಹೆಸರು ಹಿಡಿದು ಅವಮಾನಿಸಿದರೆ ಅಪರಾಧ. ಲೆಕ್ಕಕ್ಕೆ ಬರಬೇಕಾದರೆ ಅದೇ ಹೆಸರನ್ನು ನಾವೇ ಹೇಳಬೇಕು. ಶತಮಾನಗಳ ಕಾಲ ಮೈಲಿಗೆ ಎಂದು ಅರ್ಥ ಕೊಟ್ಟ ಪದ ಈಗ ಪಾಲು ಕೇಳುವ ಪದವಾಗಿದೆ. ಅರ್ಥ ಬದಲಾಯಿಸುವ ಕೆಲಸ ನಿಘಂಟಿನಲ್ಲಿ ನಡೆಯಲಿಲ್ಲ, ಬಾಗಿಲಲ್ಲಿ ನಡೆಯುತ್ತಿದೆ.

ಅಧ್ಯಾಪಕರಾದ ನಾವು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಭಾಷಾಚರಿತ್ರೆಯ ಪಾಠದಲ್ಲಿ ಪಾಲ್, ಹಾಲು ಎಂದು ನಿಲ್ಲಿಸದೆ 'ಆಲು' ಎಂಬ ಮೂರನೆಯ ರೂಪವನ್ನೂ ಕರಿಹಲಗೆಯ ಮೇಲೆ ಬರೆಯಬೇಕು. ಮೂರಕ್ಕೂ ಒಂದೇ ನಿಯಮ ಎಂದು ಹೇಳಬೇಕು. ಪೊಲೆಯ, ಹೊಲೆಯ ಎಂಬ ಉದಾಹರಣೆಯನ್ನು ಮುಜುಗರವಿಲ್ಲದೆ ಕೊಡಬೇಕು. ಪಱೆ, ಹರೆ ಒಂದೇ ಎಂದು ಹಲಸೂರಿನ ತಮಿಳು ಹುಡುಗನಿಗೂ ಕೋಲಾರದ ಕನ್ನಡ ಹುಡುಗಿಗೂ ಒಂದೇ ಬೆಂಚಿನಲ್ಲಿ ಕೂರಿಸಿ ತಿಳಿಸಬೇಕು. ನಮ್ಮ ಕೇರಿಗಳ ಮಾತನ್ನು ನಾವೇ ಕೇಳಿ ಬರೆದಿಡಬೇಕು, ಬ್ರೈಟ್ ಅವರ ಲೇಖನಕ್ಕೆ ಸಿಗದ ಮಾತದು. ಹಾಜರಿ ಕೂಗುವಾಗ ಯಾರಾದರೂ 'ಆಜರ್' ಅಂದರೆ ನಗುವವರಿಗೆ ಒಂದು ಪ್ರಶ್ನೆ ಕೇಳಿ: ಪಲ್ಮಿಡಿಯನ್ನು ಹಲ್ಮಿಡಿ ಮಾಡಿದವರು ಯಾರು? ಅವರ ಮೊಮ್ಮಕ್ಕಳೇ ಇವತ್ತು ನಿಮ್ಮ ಪಕ್ಕ ಕೂತಿದ್ದಾರೆ, ಹಾಜರಿ ಹಾಕಿಕೊಳ್ಳಿ.